ಮಹಾಮಾರಿಯೂ ನೆರೆಹೊರೆಯ ಸರ್ಕಾರಗಳೂ

ರೋಗಕ್ಕೆ ಎಲ್ಲೆಯಿಲ್ಲ, ರಾಜ್ಯಕ್ಕೆ ಎಲ್ಲೆಯುಂಟು. ಸಾಂಕ್ರಾಮಿಕ ಜಾಡ್ಯವೊಂದು ದೇಶದಿಂದ ದೇಶಕ್ಕೆ ಹಬ್ಬಿದಾಗ ಸರ್ಕಾರಗಳಿಗೆ ಒದಗುವ ತೊಡಕೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ಕಾಯಿಲೆಯು ಜನರು ಓಡಾಡುವ ದಾರಿಯಲ್ಲಿಯೇ ಓಡಾಡುತ್ತದೆ. ಸರ್ಕಾರದ ಅಪ್ಪಣೆಯಾದರೋ ಗಡಿಯ ಕಲ್ಲಿನವರೆಗೆ ಬಂದು ನಿಂತುಬಿಡುತ್ತದೆ. ಕಲ್ಲಿನ ಆಚೆ ಇನ್ನೊಂದು ಸರ್ಕಾರ, ಇನ್ನೊಂದು ಅಪ್ಪಣೆ. ಒಂದೇ ರೋಗ, ಒಂದೇ ಬಗೆಯ ಜನ, ಒಂದೇ ಹವೆ. ಆದರೂ ಆಳುವವರ ಕ್ರಮ ಬೇರೆ ಬೇರೆ. 2020ರಲ್ಲಿ ಮೊದಲಾಗಿ ಎರಡು ಮೂರು ವರ್ಷ ಲೋಕವನ್ನು ಕಾಡಿದ ಕೋವಿಡ್ ಮಹಾಮಾರಿಯ ಕಾಲದಲ್ಲಿ ಇದನ್ನು ನಾವೆಲ್ಲರೂ ಕಣ್ಣಾರೆ ಕಂಡೆವು. ನೆರೆಹೊರೆಯ ಸರ್ಕಾರಗಳು ಅದನ್ನು ಎದುರಿಸಿದ ಬಗೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿ, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ವಿಚಾರಮಾಡುವುದು ಈ ಭಾಷಣದ ಉದ್ದೇಶ.

ಈ ವಿಚಾರಕ್ಕೆ ರಾಜಧಾನಿಯಿಂದ ಹೊರಡುವುದಕ್ಕಿಂತ ಗಡಿಯ ಊರೊಂದರಿಂದ ಹೊರಡುವುದು ಮೇಲು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ ಅಂಕಲಿಯನ್ನು ತೆಗೆದುಕೊಳ್ಳೋಣ. ಅದು ಕೃಷ್ಣಾನದಿಯ ಬಯಲಿನ ಊರು, ಕಬ್ಬಿನ ಸೀಮೆ, ಚಿಕ್ಕೋಡಿಯಿಂದ ಮಿರಜಿಗೆ ಹೋಗುವ ಹಾದಿಯಲ್ಲಿದೆ. ಇಲ್ಲಿನ ಜನರ ಬಾಯಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು. ಕಂದಾಯ, ಕಚೇರಿ, ಶಾಲೆಯ ಪರೀಕ್ಷೆ ಇವೆಲ್ಲ ಕರ್ನಾಟಕದವು. ಬೀಗತನ, ವ್ಯಾಪಾರ, ದೊಡ್ಡ ಕಾಯಿಲೆಯ ಚಿಕಿತ್ಸೆ ಇವುಗಳಿಗಾಗಿ ಮಹಾರಾಷ್ಟ್ರದ ಮಿರಜು, ಸಾಂಗ್ಲಿ, ಕೊಲ್ಲಾಪುರಗಳಿಗೆ ಹೋಗುವವರು ಅನೇಕರು. ಮಿರಜಿನಲ್ಲಿ ಡಾಕ್ಟರ್ ವಾನ್‌ಲೆಸ್‌ರವರು 1890ರ ದಶಕದಲ್ಲಿ ಸ್ಥಾಪಿಸಿದ ಮಿಶನ್ ಆಸ್ಪತ್ರೆಯ ಕಾಲದಿಂದಲೂ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳ ರೋಗಿಗಳಿಗೆ ಆ ದಾರಿ ಚಿರಪರಿಚಿತವಾದುದು. ಪ್ರತಿವರ್ಷವೂ ಆಷಾಢದ ಯಾತ್ರೆಗೆ ಮೊದಲು ಅಂಕಲಿಯ ಶಿತೋಳೆ ಸರದಾರರ ಮನೆತನದ ಕುದುರೆಗಳು ಇಲ್ಲಿಂದ ಹೊರಟು ಪುಣೆಯ ಬಳಿಯ ಆಳಂದಿಯನ್ನು ಸೇರಿ, ಜ್ಞಾನೇಶ್ವರ ಮಹಾರಾಜರ ಪಾಲಖಿಯೊಡನೆ ಪಂಢರಪುರದವರೆಗೆ ನಡೆಯುವ ಸಂಪ್ರದಾಯವಿದೆ. ನಗರವಾಸಿಗಳಾದ ನಾವು ನಕ್ಷೆಯಲ್ಲಿ ರಾಜ್ಯದ ಗಡಿಯನ್ನು ಒಂದು ಗೆರೆಯಾಗಿ ನೋಡುತ್ತೇವೆ. ಇಂಥ ಊರಿನವರಿಗೆ ಅದು ದಿನವೂ ದಾಟುವ ಹೊಸ್ತಿಲು.

ಆ ಹೊಸ್ತಿಲಿಗೆ ಒಂದು ದಿನ ಅಡ್ಡಗಂಬ ಬಿದ್ದರೆ ಬದುಕು ಏನಾಗುತ್ತದೆ? ಸರ್ಕಾರಗಳ ಕ್ರಮವನ್ನು ಹೋಲಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಆದರೆ ಸಾಮಾನ್ಯವಾಗಿ ನಾವು ಹಾಗೆ ಕೇಳುವುದಿಲ್ಲ. ಯಾವ ದೇಶದಲ್ಲಿ ಎಷ್ಟು ಮಂದಿ ಸತ್ತರು ಎಂಬ ಅಂಕಿಗಳನ್ನು ಮುಂದಿಟ್ಟುಕೊಂಡು, ಕಡಿಮೆ ಸಂಖ್ಯೆಯವರು ಜಾಣರು, ಹೆಚ್ಚು ಸಂಖ್ಯೆಯವರು ದಡ್ಡರು ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಅಂಕಿಗಳು ಬೇಕು, ಆದರೆ ಅವುಗಳನ್ನು ಎಚ್ಚರದಿಂದ ಓದಬೇಕು. ಭಾರತದಲ್ಲಿ 2021ರ ಕೊನೆಯವರೆಗೆ ಕೋವಿಡ್‌ನಿಂದ ಸತ್ತವರ ಅಧಿಕೃತ ಸಂಖ್ಯೆ ಸುಮಾರು 4 ಲಕ್ಷ 80 ಸಾವಿರ. ವಿಶ್ವ ಆರೋಗ್ಯ ಸಂಸ್ಥೆಯು 2022ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಂದಾಜಿನಂತೆ ಆ ಎರಡು ವರ್ಷಗಳಲ್ಲಿ ವಾಡಿಕೆಗಿಂತ ಹೆಚ್ಚಾಗಿ ಸಂಭವಿಸಿದ ಸಾವುಗಳು ಸುಮಾರು 47 ಲಕ್ಷ. ಈ ಲೆಕ್ಕದ ಕ್ರಮವನ್ನು ಭಾರತ ಸರ್ಕಾರವು ಒಪ್ಪಲಿಲ್ಲ. ಒಂದೇ ದೇಶದ ಎರಡು ಲೆಕ್ಕಗಳ ನಡುವೆಯೇ ಇಷ್ಟು ಅಂತರವಿರುವಾಗ, ಮರಣವನ್ನು ದಾಖಲೆಮಾಡುವ ಪದ್ಧತಿಯೇ ಬೇರೆಯಾಗಿರುವ ಎರಡು ದೇಶಗಳನ್ನು ಬರಿಯ ಸಂಖ್ಯೆಗಳಿಂದ ತೂಗುವುದು ಸಾಧುವಲ್ಲ.

ಆದುದರಿಂದ ಬೇರೆ ಅಳತೆಗೋಲು ಬೇಕು. ನಮ್ಮ ಅಭಿಪ್ರಾಯದಲ್ಲಿ ಮೂರು ಪ್ರಶ್ನೆಗಳು ಸಾಕು. ಮೊದಲನೆಯದು: ಸರ್ಕಾರವು ಪ್ರಜೆಗಳಿಂದ ಏನನ್ನು ತೆಗೆದುಕೊಂಡಿತು, ಅದಕ್ಕೆ ಪ್ರತಿಯಾಗಿ ಏನನ್ನು ಕೊಟ್ಟಿತು? ಎರಡನೆಯದು: ಅಪ್ಪಣೆಯನ್ನು ಹೊರಡಿಸುವ ಮೊದಲು ಅದಕ್ಕೆ ಒಳಗಾಗುವವರನ್ನು ಕೇಳಿತೆ? ಮೂರನೆಯದು: ಗಡಿಯ ಆಚೆಯ ಸರ್ಕಾರದೊಡನೆ ಮಾತನಾಡಿತೆ? ಅಪ್ಪಣೆಯು ಕಠಿಣವೋ ಮೃದುವೋ ಎಂಬುದು ಇವುಗಳ ನಂತರದ ಮಾತು. ಈ ಅಳತೆಗೋಲು ಹೊಸದಲ್ಲ. ನಮ್ಮ ನಾಡಿನಲ್ಲಿಯೇ ನೂರಿಪ್ಪತ್ತೈದು ವರ್ಷಗಳ ಹಿಂದೆ ಬಂದ ಪ್ಲೇಗಿನ ಚರಿತ್ರೆಯು ಇದನ್ನು ಕಲಿಸಿಕೊಟ್ಟಿದೆ.

1896ರ ಸೆಪ್ಟೆಂಬರ್ ತಿಂಗಳಲ್ಲಿ ಮುಂಬಯಿಯ ಮಾಂಡವಿ ಬಂದರಿನ ಕೇರಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆ ಕಾಲದಲ್ಲಿ ಕೃಷ್ಣೆಯ ಸೀಮೆಯು ಹರಿದ ಕೌದಿಯಂತೆ ಹಲವು ಸರ್ಕಾರಗಳ ತುಂಡುಗಳಿಂದ ಕೂಡಿತ್ತು. ಚಿಕ್ಕೋಡಿ, ಅಥಣಿ ತಾಲ್ಲೂಕುಗಳು ಮುಂಬಯಿ ಆಧಿಪತ್ಯದ ಬೆಳಗಾವಿ ಜಿಲ್ಲೆಯಲ್ಲಿದ್ದುವು. ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಮಿರಜು, ಸಾಂಗ್ಲಿ, ಕುರುಂದವಾಡಗಳಲ್ಲಿ ಪಟವರ್ಧನ ಮನೆತನದ ಸಂಸ್ಥಾನಗಳಿದ್ದುವು. ಪುಣೆಯಿಂದ ಮಿರಜು, ಬೆಳಗಾವಿಗಳ ಮೂಲಕ ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಬರುವ ರೈಲುದಾರಿ ಆಗ ಹೊಸದು. ಸಂಸ್ಥಾನದ ಎಲ್ಲೆಗಳನ್ನು ಲೆಕ್ಕಿಸದೆ ರೋಗವು ಆ ರೈಲುದಾರಿಯನ್ನೇ ಹಿಡಿದು ದಕ್ಷಿಣಕ್ಕೆ ಇಳಿಯಿತು. 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು.

ಮುಂಬಯಿಯ ಉಪದ್ರವವನ್ನು ತಡೆಯಲು ಭಾರತ ಸರ್ಕಾರವು 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಕಾಯಿದೆ ಚಿಕ್ಕದು, ಅದು ಕೊಟ್ಟ ಅಧಿಕಾರವಾದರೋ ಬಹಳ ದೊಡ್ಡದು: ಮನೆಯನ್ನು ಶೋಧಿಸಬಹುದು, ಪ್ರಯಾಣಿಕರನ್ನು ತಡೆಯಬಹುದು, ರೋಗಿಯನ್ನು ಬೇರೆಯಿಡಬಹುದು. ಪುಣೆಯಲ್ಲಿ ಈ ಕೆಲಸಕ್ಕೆ ಸೈನಿಕರನ್ನು ನೇಮಿಸಿದರು. ಅವರು ಅಡಿಗೆಮನೆ, ದೇವರಮನೆಗಳೊಳಕ್ಕೆ ನುಗ್ಗಿದರೆಂದು ಜನರು ಕುದಿದುಹೋದರು. ಪ್ಲೇಗು ಸಮಿತಿಯ ಅಧ್ಯಕ್ಷನಾಗಿದ್ದ ರ್‍ಯಾಂಡ್ ಎಂಬ ಅಧಿಕಾರಿಯನ್ನು 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಗುಂಡಿಕ್ಕಿ ಹೊಡೆದರು. ಇದು ರಾಜಕೀಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ವೈದ್ಯದೃಷ್ಟಿಯಿಂದ ನೋಡಿದರೆ ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಉಂಟು: ಶೋಧನೆಗೆ ಹೆದರಿದ ಜನರು ರೋಗಿಗಳನ್ನು ಬಚ್ಚಿಡತೊಡಗಿದರು. ರೋಗವನ್ನು ಹುಡುಕುವುದಕ್ಕಾಗಿ ಕೈಗೊಂಡ ಕ್ರಮವೇ ರೋಗವನ್ನು ಕತ್ತಲೆಗೆ ತಳ್ಳಿತು.

ಅದೇ ಆಧಿಪತ್ಯದ ಹುಬ್ಬಳ್ಳಿಯಲ್ಲಿ ಮರುವರ್ಷ ನಡೆದ ಕೆಲಸದ ರೀತಿ ಬೇರೆ. ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು ಪರೀಕ್ಷಿಸಿದ್ದನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಉಪದ್ರವವು ಭಯಂಕರವಾದಾಗ ಈ ಮದ್ದನ್ನು ಬಹು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದರು. ಆ ಒಂದು ಊರಿನಲ್ಲಿಯೇ 30 ಸಾವಿರಕ್ಕೂ ಮೇಲ್ಪಟ್ಟು ಜನರು ಚುಚ್ಚಿಸಿಕೊಂಡರು. ಚುಚ್ಚಿಸಿಕೊಂಡವರಿಗೆ ಪತ್ರವನ್ನು ಕೊಟ್ಟು ಪ್ರಯಾಣವೇ ಮೊದಲಾದ ನಿರ್ಬಂಧಗಳಿಂದ ವಿನಾಯಿತಿ ತೋರಿಸುವ ಪದ್ಧತಿಯೂ ಬಂದಿತು. ಇಲ್ಲಿ ಪ್ರಜೆಯಿಂದ ಕೇಳಿದ್ದು ಒಂದು ಸೂಜಿಯ ನೋವು. ಕೊಟ್ಟದ್ದು ಪ್ರಾಣದ ಭರವಸೆ ಮತ್ತು ಓಡಾಡುವ ಸ್ವಾತಂತ್ರ್ಯ. ಸೈನಿಕನು ಬಾಗಿಲನ್ನು ಒಡೆದು ಪಡೆಯಲಾರದುದನ್ನು ವೈದ್ಯನು ಬಾಗಿಲಲ್ಲಿ ನಿಂತು ಪಡೆದನು.

ನೆರೆಯ ಮೈಸೂರು ಸಂಸ್ಥಾನದ ಅನುಭವವೂ ಇದನ್ನೇ ಹೇಳುತ್ತದೆ. ಆಗ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳು, ಶೇಷಾದ್ರಿ ಅಯ್ಯರ್‌ರವರು ದಿವಾನರು, ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರಾಗಿ ನೇಮಿಸಿದ್ದರು. ಇಲ್ಲಿಯೂ ಮೊದಲಲ್ಲಿ ಬಲವಂತದ ಕ್ರಮಗಳು ನಡೆದುವು. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದೊಡ್ಡ ಗಲಭೆಯಾಯಿತು. ಆದರೆ ಇಕ್ಕಟ್ಟಾದ ಪೇಟೆಯ ಮನೆಗಳಿಂದ ಜನರನ್ನು ಹೊರಡಿಸುವುದರ ಜೊತೆಗೆ ಅವರು ಎಲ್ಲಿ ಹೋಗಿ ನಿಲ್ಲಬೇಕೆಂಬುದನ್ನೂ ಸರ್ಕಾರವು ಯೋಚಿಸಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿ, ಗಾಳಿ, ಬೆಳಕುಗಳುಳ್ಳ ಬಡಾವಣೆಗಳಾಗಿ ಬೆಳೆದದ್ದು ಆ ಕಾಲದಲ್ಲಿಯೇ. 1900ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. ಹಳ್ಳಿಗಾಡಿನವರಂತೂ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ತಾವಾಗಿಯೇ ಕಲಿತಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು 1898ರಲ್ಲಿ ಸೀಮೋನ್ ಎಂಬ ಫ್ರೆಂಚ್ ವೈದ್ಯನು ಸೂಚಿಸಿ, ಮುಂದೆ ಅದು ಸಿದ್ಧವಾದಾಗ, ಈ ಗ್ರಾಮಸ್ಥರ ನಡತೆಗೆ ಶಾಸ್ತ್ರದ ಸಮರ್ಥನೆ ದೊರೆಯಿತು. ಜನರ ತಿಳಿವಳಿಕೆಯನ್ನು ಸರ್ಕಾರವು ಎಲ್ಲಿ ಜೊತೆಗೆ ತೆಗೆದುಕೊಂಡಿತೋ ಅಲ್ಲಿ ಕೆಲಸವು ಸುಗಮವಾಯಿತು.

ಈಗ ನಮ್ಮ ಕಾಲಕ್ಕೆ ಬರೋಣ. ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಕರ್ನಾಟಕದ್ದೇ: 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಕಟವಾದ ಅಪ್ಪಣೆಯಂತೆ ನಡುರಾತ್ರಿಯಿಂದಲೇ ಇಡೀ ಭಾರತವು 21 ದಿನಗಳ ಕಾಲ ಬಾಗಿಲು ಹಾಕಿಕೊಂಡಿತು. ನೂರಮೂವತ್ತು ಕೋಟಿಗೂ ಹೆಚ್ಚು ಜನರಿಗೆ ದೊರೆತ ಅವಧಿ ನಾಲ್ಕು ಗಂಟೆ. ಆಸ್ಪತ್ರೆಗಳು ಸಿದ್ಧವಾಗಲು ಸಮಯ ದೊರಕಬೇಕಾಗಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ದಿನಗೂಲಿಯಿಂದ ಹೊಟ್ಟೆ ಹೊರೆಯುವವರು ಪಟ್ಟಣಗಳಲ್ಲಿ ಕೆಲಸವನ್ನೂ ಬಾಡಿಗೆಯ ಸೂರನ್ನೂ ಕಳೆದುಕೊಂಡು ನೂರಾರು ಮೈಲಿ ನಡೆದು ಊರಿನ ದಾರಿ ಹಿಡಿದರು. ಅವರಿಗಾಗಿ ವಿಶೇಷ ರೈಲುಗಳು ಹೊರಟದ್ದು ಮೇ 1ರಿಂದ. ಬಡವರಿಗೆ ತಲೆಗೆ 5 ಕಿಲೋಗ್ರಾಂ ಧಾನ್ಯವನ್ನು ಉಚಿತವಾಗಿ ಕೊಡುವ ಏರ್ಪಾಡು, ಜನಧನ ಖಾತೆಯುಳ್ಳ ಸ್ತ್ರೀಯರಿಗೆ ಮೂರು ತಿಂಗಳು 500 ರೂಪಾಯಿಯಂತೆ ಹಣ, ಇವು ಬಂದುವು. ಧಾನ್ಯವು ಕೋಟ್ಯಂತರ ಮನೆಗಳನ್ನು ಹಸಿವಿನಿಂದ ಕಾಪಾಡಿತು. ಅಪ್ಪಣೆಯು ಒಂದು ಸಂಜೆಯಲ್ಲಿ ಮುಟ್ಟಿತು, ನೆರವು ವಾರಗಳ ಮೇಲೆ ಮುಟ್ಟಿತು. ಜನರು ನಡೆದದ್ದು ಈ ನಡುವಣ ಅಂತರದಲ್ಲಿ.

ನೆರೆಯ ನೇಪಾಳವೂ ಮಾರ್ಚ್ 24ರಂದೇ ಮುಚ್ಚಿಕೊಂಡಿತು. ಎರಡು ದೇಶಗಳ ನಡುವೆ ತಲೆತಲಾಂತರದಿಂದ ತೆರೆದಿದ್ದ ಗಡಿಯು ಒಮ್ಮೆಗೇ ಮುಚ್ಚಿದಾಗ, ಭಾರತದಲ್ಲಿ ಕೂಲಿಗೆ ಬಂದಿದ್ದ ನೇಪಾಳಿಗಳು ಮಹಾಕಾಳಿ ನದಿಯ ಈಚೆಯ ದಡದಲ್ಲಿ ಸಿಕ್ಕಿಕೊಂಡರು. ಎದುರಿಗೆ ತಮ್ಮದೇ ಊರು ಕಾಣುತ್ತಿದೆ, ಸೇತುವೆಯ ಬಾಗಿಲು ಮುಚ್ಚಿದೆ. ಕೆಲವರು ಪ್ರವಾಹಕ್ಕೆ ಧುಮುಕಿ ಈಜಿ ಆಚೆಯ ದಡವನ್ನು ಸೇರಿದರು. ಅಲ್ಲಿ ಅವರನ್ನು ಹಿಡಿದರು. ಈ ಜನರು ಯಾವ ಸರ್ಕಾರಕ್ಕೆ ಸೇರಿದವರು? ಕೂಲಿಯ ದೃಷ್ಟಿಯಿಂದ ಒಂದಕ್ಕೆ, ಹುಟ್ಟಿನ ದೃಷ್ಟಿಯಿಂದ ಇನ್ನೊಂದಕ್ಕೆ. ಆಪತ್ತಿನ ದಿನ ಎರಡಕ್ಕೂ ಅಲ್ಲ.

ಪಾಕಿಸ್ತಾನದ ಕ್ರಮ ಬೇರೆ. ಅಲ್ಲಿನ ಸಿಂಧ್ ಪ್ರಾಂತವು ಮಾರ್ಚ್ 23ರಿಂದ ಎಲ್ಲವನ್ನೂ ಮುಚ್ಚಿತು. ಕೇಂದ್ರ ಸರ್ಕಾರವಾದರೋ ಸಂಪೂರ್ಣವಾಗಿ ಮುಚ್ಚಿದರೆ ಬಡವರು ಹಸಿವಿನಿಂದ ಸಾಯುವರೆಂದು ಹಿಂಜರಿಯಿತು. ಮುಂದೆ ರೋಗವಿರುವ ಕೇರಿಗಳನ್ನು ಮಾತ್ರ ಮುಚ್ಚುವ ಪದ್ಧತಿಯನ್ನು ಹಿಡಿಯಿತು. ಏಪ್ರಿಲ್ ತಿಂಗಳಲ್ಲಿಯೇ ‘ಎಹ್‌ಸಾಸ್’ ಎಂಬ ಯೋಜನೆಯ ಮೂಲಕ ಬಡ ಕುಟುಂಬಕ್ಕೆ ಅಲ್ಲಿನ 12 ಸಾವಿರ ರೂಪಾಯಿಗಳನ್ನು ಒಂದೇ ಸಲಕ್ಕೆ ಹಂಚತೊಡಗಿದರು; ಒಂದು ಕೋಟಿಗೂ ಮೇಲ್ಪಟ್ಟು ಕುಟುಂಬಗಳಿಗೆ ಅದು ತಲುಪಿತು. ರಮಜಾನ್ ಮಾಸದಲ್ಲಿ ಮಸೀದಿಗಳನ್ನು ತೆರೆದಿಡುವ ವಿಷಯದಲ್ಲಿ ಧರ್ಮಗುರುಗಳೊಡನೆ 20 ಅಂಶಗಳ ಒಪ್ಪಂದವನ್ನು ಮಾಡಿಕೊಂಡರು. ಆ ದೇಶದ ವೈದ್ಯರು ಇದನ್ನು ಅಪಾಯಕರವೆಂದು ವಿರೋಧಿಸಿದರು. ಕೇಂದ್ರವೂ ಪ್ರಾಂತವೂ ಬೇರೆ ಬೇರೆ ಮಾತನಾಡಿದ್ದು ದೋಷವೇ ಸರಿ. ಆದರೆ ಮುಚ್ಚುವ ಮಾತಿನ ಜೊತೆಯಲ್ಲಿಯೇ ಹಣದ ಮಾತನ್ನು ಆಡಿದ್ದು ಗಮನಿಸತಕ್ಕ ಗುಣ.

ಸಿಂಹಳದ್ವೀಪದಲ್ಲಿ ಗುಣದೋಷಗಳೆರಡೂ ಎದ್ದು ಕಾಣುತ್ತವೆ. 1926ರಲ್ಲಿ ಕಲುತರದಲ್ಲಿ ಮೊದಲಾದ ಆರೋಗ್ಯ ಘಟಕಗಳ ಪದ್ಧತಿಯಿಂದಾಗಿ ಅಲ್ಲಿ ಊರೂರಿಗೂ ಆರೋಗ್ಯಾಧಿಕಾರಿಗಳೂ ಇನ್‌ಸ್ಪೆಕ್ಟರುಗಳೂ ಇದ್ದಾರೆ, ಚಿಕಿತ್ಸೆಯು ಉಚಿತ. 2020ರ ಮಾರ್ಚ್ 20ರಿಂದ ಕರ್ಫ್ಯೂ ಹಾಕಿ, ರೋಗಿಗಳ ಸಂಪರ್ಕದಲ್ಲಿದ್ದವರನ್ನು ಹುಡುಕಿ, ಆ ಮೊದಲ ತಿಂಗಳುಗಳಲ್ಲಿ ರೋಗವನ್ನು ಚೆನ್ನಾಗಿ ಹಿಡಿದಿಟ್ಟರು. ಆದರೆ ಕೋವಿಡ್‌ನಿಂದ ಸತ್ತವರೆಲ್ಲರನ್ನೂ ಸುಡಲೇಬೇಕೆಂದು ಅದೇ ಸರ್ಕಾರವು ವಿಧಿಸಿತು. ಹೂಳುವುದರಿಂದ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದ್ದರೂ, ಹೆಣವನ್ನು ಹೂಳುವುದೇ ಧರ್ಮವಾಗಿರುವ ಮುಸಲ್ಮಾನರ ಮೊರೆಗೆ 2021ರ ಫೆಬ್ರವರಿಯವರೆಗೆ ಕಿವಿಗೊಡಲಿಲ್ಲ. 2024ರಲ್ಲಿ ಆ ದೇಶದ ಮಂತ್ರಿಮಂಡಲವು ಇದಕ್ಕಾಗಿ ಕ್ಷಮೆಯನ್ನು ಯಾಚಿಸಿತು. ಶಾಸ್ತ್ರದ ಆಧಾರವಿಲ್ಲದ ಅಪ್ಪಣೆಯು ರೋಗವನ್ನು ತಡೆಯದು. ನಂಬಿಕೆಯನ್ನು ಮಾತ್ರ ಕೊಲ್ಲುತ್ತದೆ.

ಭೂತಾನದ ಉದಾಹರಣೆಯು ಎಲ್ಲರ ಹೊಗಳಿಕೆಗೂ ಪಾತ್ರವಾಗಿದೆ. ಏಳೆಂಟು ಲಕ್ಷ ಜನರ ಬೆಟ್ಟಗಾಡಿನ ರಾಜ್ಯವನ್ನು ಭಾರತದೊಡನೆ ಸರಿದೂಗಿಸುವುದು ನ್ಯಾಯವಲ್ಲ. ಆದರೂ ಅಲ್ಲಿನ ರೀತಿಯಿಂದ ಕಲಿಯುವುದಕ್ಕೆ ಅಡ್ಡಿಯಿಲ್ಲ. 2020ರ ಮಾರ್ಚ್ ಮೊದಲ ವಾರದಲ್ಲಿ ಒಬ್ಬ ಪ್ರವಾಸಿಯಲ್ಲಿ ರೋಗವು ಪತ್ತೆಯಾದೊಡನೆ ಅವರ ಸಂಪರ್ಕದಲ್ಲಿದ್ದವರನ್ನೆಲ್ಲ ಹುಡುಕಿದರು. ಮಾರ್ಚ್ 23ರಂದು ಗಡಿಗಳನ್ನು ಮುಚ್ಚಿದರು. ಹೊರಗಿನಿಂದ ಬಂದವರನ್ನು ಬೇರೆಯಿಡುವಾಗ ಅವರ ಊಟ ವಸತಿಗಳ ವೆಚ್ಚವನ್ನು ಸರ್ಕಾರವೇ ವಹಿಸಿತು. ಸಂಪಾದನೆಯನ್ನು ಕಳೆದುಕೊಂಡವರಿಗೆ ‘ಕಿದು’ ಎಂಬ ಹೆಸರಿನಲ್ಲಿ ದೊರೆಯ ನೆರವು ತಿಂಗಳು ತಿಂಗಳಿಗೂ ಮುಟ್ಟಿತು. ಪ್ರಧಾನಮಂತ್ರಿಯಾಗಿದ್ದ ಲೋಟೇ ತ್ಸೆರಿಂಗ್ ಅವರು ಸ್ವತಃ ಶಸ್ತ್ರವೈದ್ಯರು. ದೊರೆಯಾದರೋ ಗಡಿಯ ಹಳ್ಳಿಗಳಲ್ಲಿ ತಾವೇ ನಡೆದಾಡಿ ಕಾವಲಿನವರನ್ನು ವಿಚಾರಿಸಿದರು. ಭಾರತವು ಕಳುಹಿಸಿಕೊಟ್ಟ, ಪುಣೆಯಲ್ಲಿ ತಯಾರಾದ ಲಸಿಕೆಯನ್ನು ಕೂಡಿಟ್ಟುಕೊಂಡು, 2021ರ ಮಾರ್ಚ್ 27ರಿಂದ ಕೆಲವೇ ವಾರಗಳಲ್ಲಿ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಮೇಲ್ಪಟ್ಟವರಿಗೆ ಮೊದಲ ಚುಚ್ಚುಮದ್ದನ್ನು ಹಾಕಿ ಮುಗಿಸಿದರು. 1897ರಲ್ಲಿ ಬಾಗಿಲು ಒಡೆದ ಸೈನಿಕರಿಂದ ಹೆಸರಾದ ಪುಣೆಯು ಈ ಸಲ ನೆರೆಯ ದೇಶವೊಂದರ ಬಾಗಿಲಿಗೆ ಮದ್ದನ್ನು ಮುಟ್ಟಿಸಿತು. ಆದರೆ ಭಾರತದಲ್ಲಿ ಎರಡನೆಯ ಅಲೆಯೆದ್ದಾಗ ಆ ಮದ್ದಿನ ಹರಿವು ನಿಂತು, ಭೂತಾನವು ಎರಡನೆಯ ಚುಚ್ಚುಮದ್ದಿಗೆ ದೂರದ ದೇಶಗಳ ನೆರವನ್ನು ಪಡೆಯಬೇಕಾಯಿತು. ಚೆನ್ನಾಗಿ ಆಳಿಕೊಂಡ ರಾಜ್ಯವೂ ನೆರೆಯವರ ಕ್ಷೇಮವನ್ನು ಅವಲಂಬಿಸಿಯೇ ಇರುತ್ತದೆ.

ದೇಶ ದೇಶಗಳ ಮಾತು ಇಷ್ಟಾಯಿತು. ಒಂದೇ ದೇಶದೊಳಗಿನ ರಾಜ್ಯಗಳಾದರೂ ಪರಸ್ಪರ ಬಾಗಿಲು ಮುಚ್ಚಿಕೊಳ್ಳಲಿಲ್ಲವೆ? ಕನ್ನಡಿಗರಾದ ನಾವು ಇದರಲ್ಲಿ ಮರೆಯಬಾರದ ಪ್ರಸಂಗವು ತಲಪಾಡಿಯದು. ಕಾಸರಗೋಡು ಆಡಳಿತದಲ್ಲಿ ಕೇರಳಕ್ಕೆ ಸೇರಿದೆ. ಚಿಕಿತ್ಸೆಗೆ ಅಲ್ಲಿಯವರು ಬಹುಕಾಲದಿಂದ ನೆಚ್ಚಿರುವುದು ಐವತ್ತು ಕಿಲೋಮೀಟರಿನಷ್ಟು ದೂರದ ಮಂಗಳೂರನ್ನು. ಅಲ್ಲಿ ಕನ್ನಡ, ತುಳು, ಮಲಯಾಳ ಮಾತನಾಡುವವರೆಲ್ಲರ ದಾರಿಯೂ ಅದೇ. 2020ರ ಮಾರ್ಚ್ ಕೊನೆಯಲ್ಲಿ ಕೇರಳದ ಜಿಲ್ಲೆಗಳಲ್ಲೆಲ್ಲ ಕಾಸರಗೋಡಿನಲ್ಲಿ ರೋಗಿಗಳು ಹೆಚ್ಚಾಗಿದ್ದರು. ಆದುದರಿಂದ ಕರ್ನಾಟಕ ಸರ್ಕಾರದ ಭಯವು ಆಧಾರವಿಲ್ಲದ್ದೆಂದು ಹೇಳಲಾಗದು. ಆದರೆ ಭಯವು ಹಿಡಿದ ದಾರಿಯು ಕಠೋರವಾಯಿತು. ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದುವು. ಕೋವಿಡ್‌ನ ಸೋಂಕಿಲ್ಲದ ಹೃದ್ರೋಗಿಗಳೂ ಮೂತ್ರಪಿಂಡದ ರೋಗಿಗಳೂ ಚಿಕಿತ್ಸೆ ದೊರೆಯದೆ ಮೃತಪಟ್ಟರೆಂದು ಪತ್ರಿಕೆಗಳು ವರದಿಮಾಡಿದುವು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ಹೆದ್ದಾರಿಯ ತಡೆಯನ್ನು ತೆಗೆಯಿಸುವಂತೆ ಕೇಂದ್ರಕ್ಕೆ ಆಜ್ಞೆಮಾಡಿತು. ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಎರಡು ರಾಜ್ಯಗಳೂ ಕುಳಿತು ಮಾತನಾಡಿದ ಮೇಲೆ, ತುರ್ತು ರೋಗಿಗಳನ್ನು ಪರೀಕ್ಷಿಸಿ ಬಿಡುವ ಒಪ್ಪಂದವು ಏಪ್ರಿಲ್ 7ರ ಹೊತ್ತಿಗೆ ಸಿದ್ಧವಾಯಿತು. ಕೆಲವೇ ದಿನಗಳಲ್ಲಿ ಒಪ್ಪಿಕೊಳ್ಳಲು ಸಾಧ್ಯವಾದ ಆ ಮಾತನ್ನು ಮಣ್ಣು ಸುರಿಯುವ ಮೊದಲೇ ಆಡಬಹುದಾಗಿತ್ತು.

ಬೆಳಗಾವಿಯ ಗಡಿಯಲ್ಲಿಯೂ ಇದೇ ಬಗೆಯ ಕಷ್ಟಗಳು. ಮಹಾರಾಷ್ಟ್ರದಲ್ಲಿ ರೋಗವು ಬಹಳ ಹೆಚ್ಚಾಗಿದ್ದುದರಿಂದ ಕರ್ನಾಟಕವು 2020ರ ಮೇ 18ರಂದು ಆ ರಾಜ್ಯವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯಿತು. 2021ರ ಫೆಬ್ರವರಿಯಿಂದ ಮಹಾರಾಷ್ಟ್ರದಿಂದ ಬರುವವರು 72 ಗಂಟೆಗಳೊಳಗಿನ ಪರೀಕ್ಷಾಪತ್ರವನ್ನು ತೋರಿಸಬೇಕಾಯಿತು. ನಿಪ್ಪಾಣಿಯ ಬಳಿಯ ಕೊಗನೊಳ್ಳಿ ತನಿಖಾ ಠಾಣೆಯ ಹೆಸರು ಆಗ ಮನೆಮಾತಾಯಿತು. ಬೆಂಗಳೂರಿಗೆ ಹೊರಟ ಪ್ರಯಾಣಿಕನಿಗೆ ಈ ನಿಯಮವು ಯುಕ್ತವಾದುದು. ಮಿರಜಿನಲ್ಲಿ ಮಲಗಿರುವ ತಾಯಿಗೆ ಬುತ್ತಿ ಒಯ್ದು ಸಂಜೆಗೆ ಮರಳುವವನಿಗೂ ಅದೇ ನಿಯಮವೆಂದರೆ, ಅವನು ಪತ್ರವನ್ನು ತರುವನೆ, ಹೊಲದ ನಡುವಣ ಕಾಲುದಾರಿಯನ್ನು ಹುಡುಕುವನೆ? ಹೆದ್ದಾರಿಗೆ ಯೋಗ್ಯವಾದ ನಿಯಮವು ಹೊಸ್ತಿಲಿಗೆ ಯೋಗ್ಯವಾಗಲಾರದು.

ಇದಕ್ಕೆ ಪ್ರತಿಯಾಗಿ, ಕೇಳಿ ಮಾಡಿದ ಕೆಲಸಕ್ಕೆ ಒಂದು ಉದಾಹರಣೆ ಪಂಢರಪುರದ ಯಾತ್ರೆಯೇ. ಲಕ್ಷಗಟ್ಟಲೆ ವಾರಕರಿಗಳು ನಡೆಯುವ ಯಾತ್ರೆಯನ್ನು ನಿಲ್ಲಿಸುವುದೆಂದರೆ ಸಾಮಾನ್ಯವೆ? ಮಹಾರಾಷ್ಟ್ರ ಸರ್ಕಾರವು 2020ರಲ್ಲಿ ಪಾಲಖಿಯ ಸಂಸ್ಥಾನಗಳ ಮುಖ್ಯಸ್ಥರನ್ನು ಕೂಡಿಸಿ ವಿಚಾರಮಾಡಿತು. ಕಾಲ್ನಡಿಗೆಯನ್ನು ಬಿಟ್ಟು, ಆರಿಸಿದ ಕೆಲವರೊಡನೆ ಪಾದುಕೆಗಳನ್ನು ಬಸ್ಸಿನಲ್ಲಿ ಪಂಢರಪುರಕ್ಕೆ ಒಯ್ಯುವುದೆಂದು ನಿಶ್ಚಯವಾಯಿತು. ಶತಮಾನಗಳ ಸಂಪ್ರದಾಯವು ಬಾಗಿತು, ಮುರಿಯಲಿಲ್ಲ. ಜನರಿಗೆ ಪ್ರಿಯವಾದುದನ್ನು ಕೇಳುವಾಗ ಅವರ ಹಿರಿಯರ ಬಾಯಿಂದಲೇ ಕೇಳಿಸುವುದು ಆಡಳಿತದ ವಿವೇಕ.

ಹಾಗಾದರೆ ಗಡಿಗಳನ್ನು ಮುಚ್ಚಲೇಬಾರದೆ? ಹಾಗೆ ಹೇಳುವುದು ನಮ್ಮ ಅಭಿಪ್ರಾಯವಲ್ಲ. ಏಡ್ರಿಯಾಟಿಕ್ ಸಮುದ್ರತೀರದ ರಾಗುಸ ನಗರವು 1377ರಲ್ಲಿ ಪ್ಲೇಗಿನ ಸೀಮೆಯಿಂದ ಬಂದವರನ್ನು 30 ದಿನ ಹೊರಗಿಡುವ ಕಟ್ಟಳೆ ಮಾಡಿತು. ಮುಂದೆ ಅದು 40 ದಿನವಾಗಿ, ಇಟಲಿಯ ಭಾಷೆಯಲ್ಲಿ ನಲವತ್ತು ಎಂಬರ್ಥದ ಮಾತಿನಿಂದ ‘ಕ್ವಾರಂಟೈನ್’ ಎಂಬ ಹೆಸರು ಹುಟ್ಟಿತು. ಹೊಸ ರೋಗವೊಂದು ಬಂದಾಗ ಕಾಲಾವಕಾಶವನ್ನು ಗಳಿಸುವುದು ದೊಡ್ಡ ಲಾಭ. ಆದರೆ ಮುಚ್ಚುವ ಬಾಗಿಲಿಗೂ ಒಂದು ಕಿಂಡಿಯಿರಬೇಕು. ಆ ಕಿಂಡಿಯು ಎಲ್ಲಿ, ಯಾರಿಗೆ, ಯಾವ ಪರೀಕ್ಷೆಯ ಮೇಲೆ ತೆರೆಯಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು.

ಇಂಥ ನಿಶ್ಚಯಕ್ಕೆ ಹೆಚ್ಚಿನ ಹಣವೂ ಬೇಡ, ಹೊಸ ಕಾಯಿದೆಯೂ ಬೇಡ. ಗಡಿಯ ಎರಡು ಕಡೆಯ ಜಿಲ್ಲಾಧಿಕಾರಿಗಳೂ ವೈದ್ಯಾಧಿಕಾರಿಗಳೂ, ರೋಗವಿಲ್ಲದ ದಿನಗಳಲ್ಲಿಯೇ, ವರ್ಷಕ್ಕೊಮ್ಮೆ ಕೂಡಿ ನಾಲ್ಕು ವಿಷಯಗಳನ್ನು ಬರೆದಿಟ್ಟರೆ ಸಾಕು. ತುರ್ತು ರೋಗಿಯ ವಾಹನವನ್ನು ಯಾವ ಠಾಣೆಯೂ ಹಿಂದಕ್ಕೆ ಕಳುಹಿಸಕೂಡದು. ಒಂದು ರಾಜ್ಯದ ವೈದ್ಯನು ಕೊಟ್ಟ ಪತ್ರವು ಇನ್ನೊಂದರಲ್ಲಿ ಸಲ್ಲತಕ್ಕದ್ದು. ಗಡಿಯ ತಾಲ್ಲೂಕುಗಳಲ್ಲಿ ವಾಸಿಸುವವರ ನಿತ್ಯದ ಓಡಾಟಕ್ಕೆ ಪ್ರತ್ಯೇಕವಾದ ಗುರುತಿನ ಚೀಟಿಯಿರಬೇಕು. ಕಬ್ಬು ಕಡಿಯಲು ದೂರದ ಜಿಲ್ಲೆಗಳಿಂದ ಬಂದ ಗ್ಯಾಂಗುಗಳು ಗಡಿ ಮುಚ್ಚಿದ ದಿನ ಎಲ್ಲಿದ್ದರೂ, ಅಲ್ಲಿಯ ಸರ್ಕಾರವೇ ಅವರ ಊಟ ವಸತಿಗಳಿಗೆ ಹೊಣೆಯಾಗಬೇಕು. ಈ ನಾಲ್ಕು ಮಾತುಗಳು ಕಾಗದದ ಮೇಲಿದ್ದರೆ, ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಅಪ್ಪಣೆ ಹೊರಟ ರಾತ್ರಿ ಠಾಣೆಯಲ್ಲಿ ನಿಂತ ಪೇದೆಯು ತನ್ನ ಮುಂದಿರುವ ರೋಗಿಯನ್ನು ಏನು ಮಾಡಬೇಕೆಂದು ತಿಳಿದಿರುತ್ತಾನೆ.

ನೆರೆಹೊರೆಯ ಸರ್ಕಾರಗಳನ್ನು ಹೋಲಿಸಿ ನೋಡಿದಾಗ ನಮಗೆ ತೋರುವ ಸಾರಾಂಶವಿಷ್ಟೆ. ಬಲವುಳ್ಳ ಸರ್ಕಾರವು ಜನರನ್ನು ಮನೆಯೊಳಗೆ ಕೂರಿಸಬಲ್ಲುದು. ಆದರೆ ಮನೆಯೊಳಗಿನ ರೋಗಿಯನ್ನು ಜನರು ತಾವಾಗಿಯೇ ತೋರಿಸಬೇಕಾದರೆ ಸರ್ಕಾರಕ್ಕೆ ನಂಬಿಕೆಯು ಬೇಕು. ಆ ನಂಬಿಕೆಯನ್ನು ರೋಗ ಬಂದ ಮೇಲೆ ಸಂಪಾದಿಸಲಾಗುವುದಿಲ್ಲ. ರೋಗವಿಲ್ಲದ ಕಾಲದಲ್ಲಿ ಆಸ್ಪತ್ರೆಯನ್ನು ಕಟ್ಟಿ, ಮಾತನ್ನು ನಡೆಸಿಕೊಟ್ಟು, ನೆರೆಯವರೊಡನೆ ಸ್ನೇಹವನ್ನು ಬೆಳೆಸಿ ಕೂಡಿಟ್ಟಿರಬೇಕು. ಪ್ಲೇಗು ಹೋಯಿತು, ಕೋವಿಡ್‌ನ ಉಗ್ರತೆಯೂ ಇಳಿಯಿತು. ಮತ್ತೊಂದು ಜಾಡ್ಯವು ಬರುವುದಿಲ್ಲವೆಂದು ಯಾರೂ ಮಾತು ಕೊಡಲಾರರು. ಅದು ಬರುವ ಮೊದಲು ಕೃಷ್ಣೆಯ ಎರಡು ಕಡೆಯ ಅಧಿಕಾರಿಗಳು ಒಂದೇ ಮೇಜಿನ ಮುಂದೆ ಒಮ್ಮೆಯಾದರೂ ಕುಳಿತಿರಲಿ ಎಂಬುದೇ ನಮ್ಮ ಆಶಯ.